ಸೂರ್ಯನನ್ನು ‘ಸೂಯರ್’ ಅಂತ ಓದಿದ ಹುಡುಗ: ಕಲಿಕಾ ನ್ಯೂನತೆಯ ಪರೀಕ್ಷೆ ಅಂದ್ರೆ ಏನು?

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಪಿಯುಸಿವರೆಗೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದದ್ದು ಬರೀತಿರೋದು ಇದೇ ಮೊದಲು. ಒತ್ತಕ್ಷರ, ಮಹಾಪ್ರಾಣ ಎಲ್ಲಾದ್ರೂ ತಪ್ಪಿದ್ರೆ ಸಂಘದ ಎಡಿಟರ್‌ಗಳು ತಿದ್ದಿರ್ತಾರೆ ಅಂತ ನಂಬಿದೀನಿ. ಅವರ ಕಣ್ಣಿಗೂ ಬೀಳದೆ ಉಳಿದಿದ್ರೆ ಈ ಲೇಖನ ಮುಗಿಯೋ ಹೊತ್ತಿಗೆ ನೀವೇ ಕ್ಷಮಿಸ್ತೀರಿ.

ನಮ್ಮೂರು ಹರಿಹರಪುರ. ಕೊಪ್ಪದಿಂದ ಶೃಂಗೇರಿಗೆ ಹೋಗೋ ದಾರಿಯಲ್ಲಿ, ತುಂಗಾ ನದಿಯ ದಡದಲ್ಲಿದೆ. ಹಾಸ್ಟೆಲ್‌ನಲ್ಲಿ ಊರ ಹೆಸರು ಹೇಳಿದ್ರೆ ಅರ್ಧ ಜನ ದಾವಣಗೆರೆ ಹತ್ತಿರದ ಹರಿಹರ ಅಂದ್ಕೊಳ್ತಾರೆ. ಅದಲ್ಲ. ನಮ್ಮದು ಮಲೆನಾಡು: ಅಡಿಕೆ ತೋಟ, ಮಠ, ಜೂನ್ ಬಂದ್ರೆ ನಿಲ್ಲದ ಮಳೆ. ನನ್ನ ಚಿಕ್ಕಮ್ಮನ ಮಗ ಅಲ್ಲೇ ಇದಾನೆ. ಈಗ ಎಂಟನೇ ಕ್ಲಾಸು. ಹೆಸರು ಬೇಡ, ತಮ್ಮ ಅಂತಲೇ ಕರೀತೀನಿ.

ತಮ್ಮ ನಾಲ್ಕನೇ ಕ್ಲಾಸಲ್ಲಿದ್ದಾಗ ಬೇಸಿಗೆ ರಜೆಗೆ ಅವನಿಗೆ ಪಾಠ ಹೇಳಿಕೊಡೋ ಕೆಲಸ ನನ್ನ ಮೇಲೆ ಬಿತ್ತು. ಕನ್ನಡ ಪುಸ್ತಕ ತೆಗೆದು ಓದು ಅಂದೆ. ‘ಸೂರ್ಯ’ ಅನ್ನೋ ಜಾಗದಲ್ಲಿ ನಿಂತ. ‘ಸೂ... ಯ... ಸೂಯರ್’ ಅಂದ. ನಾನು ನಕ್ಕೆ. ಇವತ್ತಿಗೂ ಆ ನಗು ನೆನಪಾದ್ರೆ ಒಂಥರಾ ಆಗುತ್ತೆ. ಯಾಕಂದ್ರೆ ಅವನು ಓದಿದ್ದು ತಪ್ಪು ಅಲ್ಲವೇ ಅಲ್ಲ, ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದ. ಬರವಣಿಗೆಯಲ್ಲಿ ಮೊದಲು ‘ಸೂ’, ಆಮೇಲೆ ‘ಯ’, ಕೊನೆಗೆ ಅರ್ಕಾವೊತ್ತು. ಬಾಯಲ್ಲಿ ಮಾತ್ರ ‘ರ್’ ಮುಂಚೆ ಬರಬೇಕು. ಕೋಡಿಂಗ್ ಮಾಡೋರು ಒಂದು ಸಲ ನೋಡಿ: ಯೂನಿಕೋಡ್‌ನಲ್ಲಿ ಈ ಪದ ಉಚ್ಚಾರಣೆಯ ಕ್ರಮದಲ್ಲೇ ಸೇವ್ ಆಗಿರುತ್ತೆ, ರ ಮೊದಲು, ಯ ಆಮೇಲೆ. ಸ್ಕ್ರೀನ್ ಮೇಲೆ ತೋರಿಸುವಾಗ ಫಾಂಟ್ ಅದನ್ನ ತಿರುವಿ ಹಾಕುತ್ತೆ. ನಾವು ಓದುವಾಗ ತಲೆಯೊಳಗೆ ಅದನ್ನ ಮತ್ತೆ ವಾಪಸ್ ತಿರುವಿಕೊಳ್ತೀವಿ. ನಮಗದು ಮೂರನೇ ಕ್ಲಾಸಿಗೆಲ್ಲ ಅಭ್ಯಾಸ ಆಗಿಹೋಯ್ತು. ತಮ್ಮನಿಗೆ ಆಗಲಿಲ್ಲ.

ಶಾಲೆಯಲ್ಲಿ ಒಬ್ಬರು ಟೀಚರ್ ಡೈರಿಯಲ್ಲಿ ‘ಸೋಂಬೇರಿ’ ಅಂತ ಬರೆದು ಕಳಿಸಿದ್ರು. ಅಜ್ಜ ಅಂದ್ರು, ‘ನಮ್ಮ ಕಾಲದಲ್ಲಿ ಎರಡು ಬಿಟ್ರೆ ಎಲ್ಲ ಸರಿಯಾಗ್ತಿತ್ತು.’ ಚಿಕ್ಕಮ್ಮ ರಾತ್ರಿ ಫೋನ್ ಮಾಡಿ, ‘ಎಂತ ಮಾಡದು ಹೇಳು ಮಾರಾಯ್ತಿ, ಪಂಪ್‌ಸೆಟ್ ಬಿಚ್ಚಿ ಜೋಡಿಸ್ತಾನೆ, ಎರಡು ಸಾಲು ಓದು ಅಂದ್ರೆ ಬೆವರ್ತಾನೆ’ ಅಂದ್ರು. ತಮ್ಮ ನನ್ನ ಹತ್ರ ಮಾತ್ರ ಒಂದು ಸಲ ಹೇಳಿದ್ದ: ‘ಅಕ್ಕ, ಸಾಲಿನ ಕೊನೆಗೆ ಹೋಗೋಷ್ಟ್ರಲ್ಲಿ ಮೊದಲಿನ ಪದ ಎಂತ ಅಂತ ಮರ್ತೇ ಹೋಗಿರ್ತದೆ.’

‘ತಾರೇ ಜಮೀನ್ ಪರ್’ ನಾವೆಲ್ಲ ನೋಡಿದೀವಿ. ಡಿಸ್ಲೆಕ್ಸಿಯಾ ಅನ್ನೋ ಪದ ನಮಗೆ ಗೊತ್ತಾಗಿದ್ದೇ 2007ರ ಆ ಸಿನಿಮಾದಿಂದ. ಆದ್ರೆ ಸಿನಿಮಾದಲ್ಲಿ ಮೇಷ್ಟ್ರು ನೋಟ್‌ಬುಕ್ ತಿರುವಿ ನೋಡಿ ಕಂಡುಹಿಡಿದುಬಿಡ್ತಾರೆ. ನಿಜ ಜೀವನದಲ್ಲಿ ಅದಕ್ಕೊಂದು ಪರೀಕ್ಷೆ ಇದೆ. ಪರೀಕ್ಷೆ ಅಂದಮೇಲೆ ಅಳತೆ. ಅಳತೆ ಅಂದಮೇಲೆ ಎರರ್. ನಾವು ಇಂಜಿನಿಯರಿಂಗ್‌ನವರು ತಲೆ ಹಾಕಬಹುದಾದ ಜಾಗ ಅದೇ.

ಏನನ್ನ ಅಳೀತಾರೆ?

ಕಲಿಕಾ ನ್ಯೂನತೆ ಅಂದ್ರೆ ಬುದ್ಧಿ ಕಡಿಮೆ ಅಂತ ಅಲ್ಲ. ಬುದ್ಧಿ ಸರಿ ಇದೆ, ಕಣ್ಣು ಕಿವಿ ಸರಿ ಇದೆ, ಶಾಲೆಗೆ ಹೋಗಿದಾನೆ, ಪಾಠ ಸಿಕ್ಕಿದೆ. ಆದ್ರೂ ಓದು, ಬರಹ ಅಥವಾ ಲೆಕ್ಕ, ಇದರಲ್ಲಿ ಯಾವುದೋ ಒಂದೆರಡು ಮಾತ್ರ ವಯಸ್ಸಿಗೆ ತಕ್ಕ ಹಾಗೆ ಬರ್ತಿಲ್ಲ. ಓದಿನದ್ದು ಡಿಸ್ಲೆಕ್ಸಿಯಾ, ಬರಹದ್ದು ಡಿಸ್‌ಗ್ರಾಫಿಯಾ, ಲೆಕ್ಕದ್ದು ಡಿಸ್‌ಕ್ಯಾಲ್ಕ್ಯುಲಿಯಾ. ಮನೆತನದಲ್ಲಿ ಹರಿದು ಬರೋದು ಸಾಮಾನ್ಯ.

ಈ ವ್ಯಾಖ್ಯಾನದಲ್ಲೇ ಒಂದು ತೊಡಕಿದೆ. ಅರ್ಧದಷ್ಟು ‘ಅದಲ್ಲ, ಇದಲ್ಲ’ ಅಂತ ಕಳೆದುಕೊಂಡು ಹೋಗೋದು. ಜ್ವರ ಅಳೆಯೋಕೆ ಥರ್ಮಾಮೀಟರ್ ಇದ್ದ ಹಾಗೆ ಇದಕ್ಕೆ ಒಂದೇ ಉಪಕರಣ ಇಲ್ಲ, ರಕ್ತ ಪರೀಕ್ಷೆಯಲ್ಲೂ ಸ್ಕ್ಯಾನಿಂಗ್‌ನಲ್ಲೂ ಗೊತ್ತಾಗಲ್ಲ. ಹಾಗಾಗಿ ಒಂದು ಗೊಂಚಲು ಪರೀಕ್ಷೆ ಮಾಡ್ತಾರೆ. ಅದಕ್ಕೇ ‘ಬ್ಯಾಟರಿ’ ಅನ್ನೋದು. ನಾನು ಮೊದಲು ಕೇಳಿದಾಗ ಲಿಥಿಯಂ ಅಯಾನ್ ನೆನಪಾಗಿತ್ತು, ಸತ್ಯವಾಗ್ಲೂ.

ತಮ್ಮನನ್ನ ಆರನೇ ಕ್ಲಾಸಲ್ಲಿ, 11 ವರ್ಷಕ್ಕೆ, ಘಾಟಿ ಇಳಿದು ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಚಿಕ್ಕಮ್ಮ, ತಮ್ಮ, ನಾನು. ಎರಡು ದಿನದ ಕೆಲಸ. ಮೊದಲು ಕಣ್ಣು, ಆಮೇಲೆ ಕಿವಿ. ನಂತರ ಸೈಕಾಲಜಿಸ್ಟ್ ಮೇಡಂ ಚಿಕ್ಕಮ್ಮನ ಜೊತೆ ಒಂದು ಗಂಟೆ ಮಾತಾಡಿದ್ರು. ಹುಟ್ಟಿದಾಗ ತೂಕ ಎಷ್ಟು, ಮಾತು ಯಾವಾಗ ಬಂತು, ಜ್ವರ ಬಂದು ಫಿಟ್ಸ್ ಆಗಿತ್ತಾ, ಎಷ್ಟು ಶಾಲೆ ಬದಲಾಯಿಸಿದಾನೆ, ಮನೆಯಲ್ಲಿ ಯಾವ ಭಾಷೆ. ಕೊನೆಗೆ, ‘ಮನೆಯಲ್ಲಿ ಬೇರೆ ಯಾರಿಗಾದ್ರೂ ಓದೋಕೆ ಕಷ್ಟ ಇತ್ತಾ?’ ಚಿಕ್ಕಮ್ಮ ಇಲ್ಲ ಅಂದ್ರು. ಆಮೇಲೆ ಹೊರಗೆ ಬಂದು ಚಿಕ್ಕಪ್ಪನಿಗೆ ಫೋನ್ ಮಾಡಿದ್ರು. ಚಿಕ್ಕಪ್ಪ ಸುಮಾರು ಹೊತ್ತು ಸುಮ್ಮನಿದ್ದು, ‘ನಾನು ಎಸ್ಸೆಸ್ಸೆಲ್ಸಿ ಯಾಕೆ ಬಿಟ್ಟೆ ಅಂತ ಅಂದ್ಕೊಂಡಿದೀಯ?’ ಅಂದ್ರಂತೆ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಚಿಕ್ಕಮ್ಮನಿಗೆ ಆ ವಿಷಯ ಗೊತ್ತಾಗಿದ್ದು.

ಒಳಗೆ ಮಗುವನ್ನ ಒಂದೇ ಕೂರಿಸ್ತಾರೆ. ಅಲ್ಲಿ ನಡೆದಿದ್ದನ್ನ ತಮ್ಮ ಬಸ್ಸಲ್ಲಿ ಹೇಳಿದ. ಮೊದಲು ಬುದ್ಧಿಮತ್ತೆಯ ಪರೀಕ್ಷೆ. ಅರ್ಧ ಬಾಯಿ ಪ್ರಶ್ನೆ, ಅರ್ಧ ಕೈ ಕೆಲಸ. ಬಣ್ಣದ ಬ್ಲಾಕ್‌ಗಳನ್ನ ಚಿತ್ರದಲ್ಲಿ ಇರೋ ಹಾಗೆ ಜೋಡಿಸೋದು, ಚಿತ್ರದಲ್ಲಿ ಏನು ಬಿಟ್ಟುಹೋಗಿದೆ ಹೇಳೋದು, ಅಂಕಿಗಳನ್ನ ಕೇಳಿ ಹಾಗೇ ಹೇಳೋದು, ಆಮೇಲೆ ತಿರುವು ಮುರುವು ಹೇಳೋದು. ಬ್ಲಾಕ್ ಜೋಡಿಸೋದ್ರಲ್ಲಿ ಅವನಿಗೆ ಖುಷಿಯೋ ಖುಷಿ. ಅಂಕಿ ಉಲ್ಟಾ ಹೇಳೋದ್ರಲ್ಲಿ ಮೂರಕ್ಕೇ ಸುಸ್ತು.

ಮರುದಿನ ನಿಮ್ಹಾನ್ಸ್ ಬ್ಯಾಟರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಳವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಶುರುವಿನಲ್ಲಿ ರೂಪಿಸಿದ್ದು. ಎರಡು ಹಂತ ಇದೆ: 5ರಿಂದ 7 ವರ್ಷದವರಿಗೆ ಒಂದು, 8ರಿಂದ 12ರವರಿಗೆ ಇನ್ನೊಂದು. ಎರಡನೆಯದ್ರಲ್ಲಿ ಹಾಳೆ ತುಂಬ ಅಂಕಿ ಕೊಟ್ಟು ಹೇಳಿದ ಅಂಕಿಯನ್ನ ಮಾತ್ರ ಹೊಡೆದು ಹಾಕಿಸ್ತಾರೆ. ಅದು ಗಮನ ಎಷ್ಟು ನಿಲ್ಲುತ್ತೆ ಅಂತ ನೋಡೋಕೆ. ಪ್ಯಾರಾ ಓದಿಸ್ತಾರೆ, ಅರ್ಥ ಕೇಳ್ತಾರೆ, ಡಿಕ್ಟೇಶನ್, ಲೆಕ್ಕ, ನೆನಪಿನ ಪರೀಕ್ಷೆ. ರೇಖಾಚಿತ್ರ ನೋಡಿ ಹಾಗೇ ಬರೆಯೋದೂ ಇದೆ, ಲಾರೆಟ್ಟಾ ಬೆಂಡರ್ ಅನ್ನೋರು 1938ರಲ್ಲಿ ಮಾಡಿದ ಒಂಬತ್ತು ಚಿತ್ರಗಳು. ಓದಿಸೋ ಪ್ಯಾರಾ ಅವನ ಕ್ಲಾಸಿನದ್ದೇ ಆಗಿರಬೇಕು ಅಂತಿಲ್ಲ. ಬರದಿದ್ರೆ ಒಂದೊಂದೇ ಕ್ಲಾಸು ಕೆಳಗೆ ಇಳಿದು ಯಾವ ಮೆಟ್ಟಿಲಲ್ಲಿ ಸಲೀಸಾಗಿ ಓದ್ತಾನೆ ಅಂತ ನೋಡ್ತಾರೆ. ಇರೋ ಕ್ಲಾಸಿಗಿಂತ ಎರಡು ಕ್ಲಾಸು ಹಿಂದೆ ಇದ್ರೆ ಕಲಿಕಾ ನ್ಯೂನತೆ ಅಂತ ಪರಿಗಣಿಸೋದು ರೂಢಿ. 8 ವರ್ಷಕ್ಕೆ ಮುಂಚೆ ಖಚಿತವಾಗಿ ಹೇಳಲ್ಲ ಅನ್ನೋದಕ್ಕೆ ಕಾರಣ ಇದ್ರಲ್ಲೇ ಇದೆ. ಒಂದನೇ ಕ್ಲಾಸಿನವನು ಎರಡು ಕ್ಲಾಸು ಹಿಂದೆ ಅಂದ್ರೆ ಎಲ್ಲಿಗೆ ಹೋಗ್ಬೇಕು?

ತಮ್ಮ ಸಿಕ್ಕಿಹಾಕೊಂಡಿದ್ದು ಎರಡನೇ ಕ್ಲಾಸಿನ ಪ್ಯಾರಾದಲ್ಲಿ. ಲೆಕ್ಕ ಆರನೆಯದ್ದೇ ಮಾಡಿದ, ಆದ್ರೆ ಲೆಕ್ಕವನ್ನ ಯಾರಾದ್ರೂ ಓದಿ ಹೇಳಬೇಕಿತ್ತು.

ತಕ್ಕಡಿಯ ಪ್ರಶ್ನೆ

ಒಂದು ಅಳತೆಗೆ ಎರಡು ಗುಣ ಬೇಕು. ಅಡಿಕೆ ಮಂಡಿಯ ತಕ್ಕಡಿ ತಗೊಳ್ಳಿ. ಅದೇ ಮೂಟೆಯನ್ನ ಹತ್ತು ಸಲ ಇಟ್ರೆ ಹತ್ತು ಸಲವೂ ಅದೇ ತೂಕ ತೋರಿಸಿದ್ರೆ ಅದು ನಂಬಿಕೆಯ ತಕ್ಕಡಿ. ಆದ್ರೆ ಪ್ರತಿ ಸಲ ಅರ್ಧ ಕೆಜಿ ಕಡಿಮೆ ತೋರಿಸ್ತಿದ್ರೆ? ನಂಬಿಕೆ ಇದೆ, ಸತ್ಯ ಇಲ್ಲ. ಮಾನಸಿಕ ಪರೀಕ್ಷೆಯಲ್ಲೂ ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡ್ತಾರೆ: ಮತ್ತೆ ಮಾಡಿದ್ರೆ ಅದೇ ಬರುತ್ತಾ, ಅಳೆಯಬೇಕಾದ್ದನ್ನೇ ಅಳೀತಿದೆಯಾ.

ಮೊದಲನೆಯದ್ದಕ್ಕೆ ಒಂದು ಲೆಕ್ಕ. ಐಕ್ಯೂನ ಸರಾಸರಿ 100, ಸ್ಟ್ಯಾಂಡರ್ಡ್ ಡಿವಿಯೇಶನ್ 15 ಇರೋ ಹಾಗೆ ಹೊಂದಿಸಿರ್ತಾರೆ. ಒಂದು ಪರೀಕ್ಷೆಯ ರಿಲಯಬಿಲಿಟಿ 0.9 ಅಂದ್ಕೊಳ್ಳಿ, ಅದು ಒಳ್ಳೆಯದ್ದೇ. ಆಗ ಅಳತೆಯ ಎರರ್ 15 × √(1 − 0.9), ಅಂದ್ರೆ ಸುಮಾರು 4.7. ಎರಡು ಪಟ್ಟು ಹಿಡಿದ್ರೆ ಪ್ಲಸ್ ಆರ್ ಮೈನಸ್ 9. ರಿಪೋರ್ಟಲ್ಲಿ 88 ಅಂತ ಇದ್ರೆ ನಿಜವಾದದ್ದು 79ರಿಂದ 97ರ ನಡುವೆ ಎಲ್ಲೋ ಇದೆ ಅಂತ ಓದ್ಕೋಬೇಕು. ಲ್ಯಾಬ್‌ನಲ್ಲಿ ವೋಲ್ಟ್‌ಮೀಟರ್ ರೀಡಿಂಗ್‌ಗೆ ಎರರ್ ಬರೀಲಿಲ್ಲ ಅಂದ್ರೆ ರೆಕಾರ್ಡ್ ವಾಪಸ್ ಎಸೀತಾರಲ್ವಾ, ಇಲ್ಲಿ ಮಗುವಿನ ಹಣೆಯ ಮೇಲೆ ಒಂದೇ ಒಂದು ನಂಬರ್ ಬರೆದು ಕಳಿಸಿದ್ರೂ ಯಾರೂ ಕೇಳಲ್ಲ.

ಇದು ಬರೀ ತರ್ಕದ ಮಾತಲ್ಲ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಐಕ್ಯೂ 85ಕ್ಕಿಂತ ಮೇಲಿದ್ರೆ ಮಾತ್ರ ಕಲಿಕಾ ನ್ಯೂನತೆಯ ಮುಂದಿನ ಪರೀಕ್ಷೆ. ಹಾಗಾದ್ರೆ 84 ಬಂದವನು? 70ಕ್ಕಿಂತ ಕೆಳಗಿದ್ರೆ ಬೌದ್ಧಿಕ ನ್ಯೂನತೆ ಅಂತ ಬೇರೆ ವಿಭಾಗ ಇದೆ. 70ಕ್ಕೂ 85ಕ್ಕೂ ನಡುವೆ ಇರೋನಿಗೆ ಅದೂ ಇಲ್ಲ, ಇದೂ ಇಲ್ಲ. ನಾರ್ಮಲ್ ಕರ್ವ್‌ನ ಟೇಬಲ್ ತೆಗೆದು ಮೈನಸ್ 2ರಿಂದ ಮೈನಸ್ 1ರವರೆಗಿನ ವಿಸ್ತೀರ್ಣ ನೋಡಿ: 0.1359. ನೂರರಲ್ಲಿ ಹದಿಮೂರು ಹದಿನಾಲ್ಕು ಮಕ್ಕಳು. ಮಂಡಿಯಲ್ಲಿ ಅರ್ಧ ಕೆಜಿಗೆ ಜಗಳ ಆಡೋ ನಾವು ಈ ಹದಿಮೂರು ಮಕ್ಕಳ ಬಗ್ಗೆ ಮಾತೇ ಆಡಲ್ಲ ಅನ್ನೋದು ನನಗೆ ಸರಿ ಕಾಣಲ್ಲ.

ಇನ್ನು ಎರಡನೆಯದ್ದು, ಅಳೆಯಬೇಕಾದ್ದನ್ನೇ ಅಳೀತಿದೆಯಾ ಅನ್ನೋದು. ಇಲ್ಲಿ ನಮ್ಮ ಕರ್ನಾಟಕದ ಒಂದು ಕಥೆ ಇದೆ. ಬುದ್ಧಿಮತ್ತೆ ಪರೀಕ್ಷೆ ಶುರುವಾಗಿದ್ದು ಪ್ಯಾರಿಸ್‌ನಲ್ಲಿ, 1905ರಲ್ಲಿ, ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಅವರಿಂದ. ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸೋಕೆ ಮಾಡಿದ್ದು. ಅಲ್ಲಿಂದ ಅಮೆರಿಕಕ್ಕೆ ಹೋಗಿ 1916ರಲ್ಲಿ ಸ್ಟ್ಯಾನ್‌ಫರ್ಡ್ ಆವೃತ್ತಿ ಆಯ್ತು. ಪ್ಯಾರಿಸ್ ಮಗುವಿಗೆ ಕೇಳೋ ಪ್ರಶ್ನೆಯನ್ನ ಧಾರವಾಡದ ಮಗುವಿಗೆ ಕೇಳಿದ್ರೆ ಆಗುತ್ತಾ? ಧಾರವಾಡದಲ್ಲಿ ವಿ.ವಿ. ಕಾಮತ್ ಅನ್ನೋರು ಈ ಪ್ರಶ್ನೆ ಹಿಡ್ಕೊಂಡು ಕೂತ್ರು. ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳ ಮೇಲೆ ಪ್ರಯೋಗ ಮಾಡಿ, ಪ್ರಶ್ನೆಗಳನ್ನ ಬದಲಾಯಿಸಿ, ಯಾವ ವಯಸ್ಸಿಗೆ ಯಾವುದು ಅಂತ ಹೊಸದಾಗಿ ಹೊಂದಿಸಿ 1934ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಎಜುಕೇಶನಲ್ ಸೈಕಾಲಜಿಯಲ್ಲಿ ಪ್ರಕಟಿಸಿದ್ರು. ಅದೇ ಮುಂದೆ ಬಿನೆ-ಕಾಮತ್ ಪರೀಕ್ಷೆ ಅಂತ ದೇಶದಲ್ಲೆಲ್ಲ ಹೆಸರಾಯ್ತು. ಡೆಲ್ಲಿಯ ಕ್ಲಿನಿಕ್‌ನಲ್ಲಿ ‘ಬಿಕೆಟಿ’ ಅಂದ್ರೂ ಅದರ ಬೇರು ಧಾರವಾಡದ್ದು. ನನಗಂತೂ ಇದನ್ನ ಓದಿದಾಗ ಎದೆ ಉಬ್ಬಿತು.

ಆದ್ರೆ ಎದೆ ಉಬ್ಬಿಸ್ಕೊಂಡು ಅಲ್ಲೇ ನಿಲ್ಲೋಕಾಗಲ್ಲ. ಜೇಮ್ಸ್ ಫ್ಲಿನ್ ಅನ್ನೋ ಸಂಶೋಧಕರು ತೋರಿಸಿದ ಹಾಗೆ ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳ ಅಂಕ ಏರ್ತಾ ಹೋಗಿದೆ. ಅಂದ್ರೆ ಹಳೇ ಕಾಲದ ಮಕ್ಕಳ ಸರಾಸರಿಗೆ ಈಗಿನ ಮಗುವನ್ನ ಹೋಲಿಸಿದ್ರೆ ಅಂಕ ಸ್ವಲ್ಪ ಜಾಸ್ತಿಯೇ ಬರುತ್ತೆ. ಡಾ. ಮಾಲಿನ್ ಅವರು ನಾಗಪುರದಲ್ಲಿ ಮಾಡಿದ, ಈಗಲೂ ಎಲ್ಲ ಕಡೆ ಬಳಸೋ ಮಕ್ಕಳ ಬುದ್ಧಿಮತ್ತೆ ಪರೀಕ್ಷೆ 1969ರದ್ದು. ನಮ್ಮ ಅಪ್ಪಂದಿರೇ ಹುಟ್ಟಿರಲಿಲ್ಲ. ತಕ್ಕಡಿಯ ಬಟ್ಟು ಸವೆದಿದ್ಯಾ ಅಂತ ಆಗಾಗ ತೂಕದ ಇಲಾಖೆಯವರು ನೋಡ್ತಾರೆ. ಈ ತಕ್ಕಡಿಗಳನ್ನ ಮತ್ತೆ ಹೊಂದಿಸೋಕೆ ಸಾವಿರಾರು ಮಕ್ಕಳನ್ನ ಹೊಸದಾಗಿ ಪರೀಕ್ಷಿಸಬೇಕು, ಅದಕ್ಕೆ ದುಡ್ಡು, ಜನ, ವರ್ಷಗಟ್ಟಲೆ ಸಮಯ ಬೇಕು.

ಯಾವ ಭಾಷೆಯಲ್ಲಿ?

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ತಮ್ಮ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ. ಶಾಲೆಯ ಗೇಟ್ ದಾಟಿದ್ರೆ ಇಂಗ್ಲಿಷ್ ಒಂದಕ್ಷರ ಕಿವಿಗೆ ಬೀಳಲ್ಲ. ಅವನಿಗೆ ಇಂಗ್ಲಿಷ್ ಪ್ಯಾರಾ ಕೊಟ್ಟು, ಓದಲಿಲ್ಲ, ಹಾಗಾಗಿ ಡಿಸ್ಲೆಕ್ಸಿಯಾ ಅಂದ್ರೆ ಅದು ನ್ಯಾಯವಾ? ಇಂಗ್ಲಿಷ್ ಗೊತ್ತಿಲ್ಲದೇ ಇರೋದು ಒಂದು ವಿಷಯ, ಓದೋಕೆ ಆಗದೇ ಇರೋದು ಬೇರೆ ವಿಷಯ. ಆ ಮೇಡಂ ಒಳ್ಳೆಯವರು, ಎರಡೂ ಭಾಷೆಯಲ್ಲಿ ಓದಿಸಿದ್ರು. ಇಂಗ್ಲಿಷ್‌ನಲ್ಲಿ ಮಾತ್ರ ಕುಂಟಿ, ಕನ್ನಡ ಸಲೀಸಾಗಿ ಓದಿದ್ರೆ ತೊಂದರೆ ಪಾಠದ್ದು. ಎರಡರಲ್ಲೂ ಕುಂಟಿದ್ರೆ ಬೇರೆ ಯೋಚನೆ ಮಾಡ್ಬೇಕು.

ಆದ್ರೆ ಕನ್ನಡದಲ್ಲಿ ಕುಂಟೋದು ಇಂಗ್ಲಿಷ್‌ನಲ್ಲಿ ಕುಂಟೋ ಥರ ಇರಲ್ಲ. ಇಂಗ್ಲಿಷ್‌ನಲ್ಲಿ 26 ಅಕ್ಷರ, ಒಂದು ವರ್ಷದಲ್ಲಿ ಮುಗೀತು; ಆದ್ರೆ ಯಾವ ಅಕ್ಷರ ಯಾವ ಪದದಲ್ಲಿ ಹೇಗೆ ಉಚ್ಚಾರ ಆಗುತ್ತೆ ಅನ್ನೋದು ಜೀವಮಾನದ ಗೋಳು. ಕನ್ನಡದಲ್ಲಿ ಬರೆದ ಹಾಗೆ ಓದ್ತೀವಿ. ಆದ್ರೆ ಕಲಿಯಬೇಕಾದ ಚಿಹ್ನೆಗಳ ರಾಶಿ ದೊಡ್ಡದು. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತದ ಹದಿನಾಲ್ಕು ಹದಿನೈದು ರೂಪ, ಗುಣಿಸಿದ್ರೆ 500ರ ಆಸುಪಾಸು. ಅದರ ಮೇಲೆ ಒತ್ತಕ್ಷರ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಮಕ್ಕಳು ಅಕ್ಷರ ಕಲಿಯೋ ವೇಗದ ಬಗ್ಗೆಯೇ ಇದೆ. ಇಂಗ್ಲಿಷ್ ಮಕ್ಕಳ ಥರ ಒಂದೆರಡು ವರ್ಷಕ್ಕೆ ಇದು ಮುಗಿಯಲ್ಲ, ಪ್ರಾಥಮಿಕ ಶಾಲೆಯ ಮೇಲಿನ ಕ್ಲಾಸುಗಳವರೆಗೂ ನಡೀತಾನೇ ಇರುತ್ತೆ. ಹಾಗಾಗಿ ಇಂಗ್ಲಿಷ್ ಅಳತೆಗೋಲು ಹಿಡ್ಕೊಂಡು ಎರಡನೇ ಕ್ಲಾಸಿನ ಕನ್ನಡ ಮಗುವನ್ನ ನೋಡಿದ್ರೆ ಎಲ್ಲರೂ ಹಿಂದೆ ಬಿದ್ದವರ ಹಾಗೇ ಕಾಣ್ತಾರೆ.

ಇನ್ನೊಂದು ಸಣ್ಣ ಪ್ರಯೋಗ, ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಮೇಲೆ ಮಾಡಿ ನೋಡಿ. ‘ಕಮಲ’ದಲ್ಲಿ ‘ಕ’ ತೆಗೆದ್ರೆ? ‘ಮಲ’, ತಕ್ಷಣ ಹೇಳ್ತಾರೆ. ಈಗ ‘ಕ’ ಅಲ್ಲ, ‘ಕ್’ ಮಾತ್ರ ತೆಗೀರಿ. ಒಂದು ಕ್ಷಣ ತಡವರಿಸ್ತಾರೆ. ಉತ್ತರ ‘ಅಮಲ’. ನಮ್ಮ ಲಿಪಿಯ ಘಟಕವೇ ವ್ಯಂಜನ ಮತ್ತು ಸ್ವರ ಸೇರಿದ ಅಕ್ಷರ, ಹಾಗಾಗಿ ಒಂಟಿ ಧ್ವನಿಯನ್ನ ಬೇರೆ ಮಾಡೋ ಕೌಶಲ ಕನ್ನಡ ಓದೋರಲ್ಲಿ ನಿಧಾನಕ್ಕೆ ಬರುತ್ತೆ. ಇಂಗ್ಲಿಷ್‌ನ ಡಿಸ್ಲೆಕ್ಸಿಯಾ ಪರೀಕ್ಷೆಗಳಲ್ಲಿ ಇದೇ ಮುಖ್ಯ ಪ್ರಶ್ನೆ! ಅದನ್ನ ಹಾಗೇ ಎತ್ತಿ ತಂದು ಇಲ್ಲಿ ಕೇಳೋಕಾಗಲ್ಲ. ಹಾಗಂತ ಕೇಳಲೇಬಾರದು ಅಂತಲೂ ಅಲ್ಲ. 2011ರಲ್ಲಿ ಸೋನಾಲಿ ನಾಗ್ ಮತ್ತು ಮಾರ್ಗರೆಟ್ ಸ್ನೋಲಿಂಗ್ ಓದೋದ್ರಲ್ಲಿ ಹಿಂದೆ ಇರೋ ಕನ್ನಡ ಮಕ್ಕಳ ಮೇಲೆಯೇ ಅಧ್ಯಯನ ಮಾಡಿದ್ರು. ಅವರಿಗೆ ಅಕ್ಷರದ ಮಟ್ಟದಲ್ಲೂ ಒಂಟಿ ಧ್ವನಿಯ ಮಟ್ಟದಲ್ಲೂ ಎರಡೂ ಕಡೆ ಕಷ್ಟ ಕಂಡುಬಂತು.

ಮಹಾಪ್ರಾಣದ ತಪ್ಪಿನ ಬಗ್ಗೆ ಒಂದು ಮಾತು. ‘ದ’ ಬರೆಯೋ ಕಡೆ ‘ಧ’ ಬರೆದ ಅಂತ ಮಗುವನ್ನ ಡಿಸ್ಲೆಕ್ಸಿಕ್ ಅನ್ನೋದಾದ್ರೆ ನಮ್ಮ ವಾಟ್ಸಾಪ್ ಗ್ರೂಪ್ ಪೂರ್ತಿ ಆಸ್ಪತ್ರೆಗೆ ಸೇರಬೇಕು. ಮಾತಿನಲ್ಲೇ ನಾವು ಆ ವ್ಯತ್ಯಾಸ ಮಾಡಲ್ಲ, ಬರಹದಲ್ಲಿ ಎಲ್ಲಿಂದ ಬರಬೇಕು? ನೋಡಬೇಕಾದ್ದು ಬೇರೆ. ಒತ್ತು ಮತ್ತು ಸ್ವರದ ಕ್ರಮ ಕಲಸಿಹೋಗೋದು (‘ಸೃಷ್ಟಿ’ಯನ್ನ ‘ಸೃಷಿಟ’ ಅನ್ನೋದು, ಗುಡಿಸು ಷಕಾರದ ತಲೆ ಮೇಲೆ ಕಾಣುತ್ತಲ್ಲ), ‘ಮ’ ‘ಯ’ ಗೊಂದಲ ವರ್ಷಗಳಾದ್ರೂ ಹೋಗದೇ ಇರೋದು, ಎಲ್ಲಕ್ಕಿಂತ ಹೆಚ್ಚಾಗಿ ನಿಧಾನ. ಬರೆದ ಹಾಗೆ ಓದೋ ಭಾಷೆಗಳಲ್ಲಿ ಡಿಸ್ಲೆಕ್ಸಿಯಾ ಇರೋನು ತಪ್ಪಾಗಿ ಓದೋದಕ್ಕಿಂತ ತುಂಬಾ ನಿಧಾನವಾಗಿ ಓದ್ತಾನೆ. ಸ್ಟಾಪ್‌ವಾಚ್ ಇಲ್ಲದ ಪರೀಕ್ಷೆಯಲ್ಲಿ ಅವನು ಪಾಸಾಗಿಬಿಡಬಹುದು.

ಕನ್ನಡಕ್ಕೆ ಅಂತಲೇ ಕೆಲಸ ಆಗಿಲ್ಲ ಅಂತಲ್ಲ. ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಅಂದ್ರೆ ಆಯಿಷ್‌ನಲ್ಲಿ, ಕನ್ನಡ ಓದಿನ ಪರೀಕ್ಷೆಗಳ ಮೇಲೆ ದಶಕಗಳಿಂದ ಸಂಶೋಧನೆ ನಡೆದಿದೆ. ಮಾನೇಸರ್‌ನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ 2015ರಲ್ಲಿ ‘ಡಾಲಿ’ ಅನ್ನೋ ಪರೀಕ್ಷಾ ಸರಣಿ ತಂತು. ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಅದರಲ್ಲಿ ಶಿಕ್ಷಕರೇ ಬಳಸಬಹುದಾದ ಸ್ಕ್ರೀನಿಂಗ್ ಪಟ್ಟಿ 1-2ನೇ ಕ್ಲಾಸಿಗೆ ಒಂದು, 3ರಿಂದ 5ಕ್ಕೆ ಒಂದು.

ಸ್ಕ್ರೀನಿಂಗ್ ಬೇರೆ, ಡಯಾಗ್ನೋಸಿಸ್ ಬೇರೆ ಅನ್ನೋದನ್ನ ಇಲ್ಲೇ ಹೇಳ್ಬೇಕು. ಲೆಕ್ಕಕ್ಕೆ ಅಂತ ನಂಬರ್ ಇಟ್ಕೊಳ್ಳಿ: 100 ಮಕ್ಕಳು, ನಿಜವಾಗಿ ತೊಂದರೆ ಇರೋದು 10 ಜನಕ್ಕೆ. ಪಟ್ಟಿ ಎರಡೂ ಕಡೆ 80 ಪರ್ಸೆಂಟ್ ಸರಿ. ಹತ್ತರಲ್ಲಿ 8 ಜನ ಸಿಕ್ಕಿದ್ರು. ಉಳಿದ 90ರಲ್ಲಿ 20 ಪರ್ಸೆಂಟ್, ಅಂದ್ರೆ 18 ಮಕ್ಕಳೂ ಸುಮ್ನೆ ಪಟ್ಟಿಗೆ ಬಂದ್ರು. ಒಟ್ಟು 26ರಲ್ಲಿ ನಿಜವಾದವರು 8. ಮೂರರಲ್ಲಿ ಒಂದೂ ಇಲ್ಲ. ಬೇಯ್ಸ್ ಥಿಯರಂ ಅನ್ನ ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿದ್ದೆ, ಅರ್ಥ ಆಗಿದ್ದು ಇಲ್ಲಿ. ಹಾಗಾಗಿ ಇನ್‌ಸ್ಟಾದಲ್ಲಿ ‘ಈ 5 ಲಕ್ಷಣ ಇದ್ರೆ ನಿಮಗೆ ಡಿಸ್ಲೆಕ್ಸಿಯಾ’ ಅನ್ನೋ ರೀಲ್ ನೋಡಿ ಎದೆ ಬಡ್ಕೋಬೇಡಿ. ಹಾಗೇ ಪಟ್ಟಿಯಲ್ಲಿ ಬರಲಿಲ್ಲ ಅಂತ ಕೈ ಬಿಡಲೂಬಾರದು, ಆ ಹತ್ತರಲ್ಲಿ ಇಬ್ಬರು ಹೊರಗೇ ಉಳಿದ್ರಲ್ಲ.

ಕಾಗದದ ಬೆಲೆ

ರಿಪೋರ್ಟ್ ಬಂತು. ಐಕ್ಯೂ ಸರಾಸರಿಗಿಂತ ಮೇಲೆ, ಓದು ಮತ್ತು ಸ್ಪೆಲಿಂಗ್‌ನಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ. ಚಿಕ್ಕಮ್ಮ ಮೊದಲು ಕೇಳಿದ್ದು, ‘ಹಂಗಾರೆ ಸೋಂಬೇರಿ ಅಲ್ಲ ಅಲ್ದಾ?’

1995ರ ಕಾಯ್ದೆಯಲ್ಲಿ ಅಂಗವೈಕಲ್ಯ ಅಂದ್ರೆ ಏಳೇ ಬಗೆ, ಇದು ಅದರಲ್ಲಿ ಇರಲೇ ಇಲ್ಲ. 2016ರ ಕಾಯ್ದೆ 21 ಬಗೆ ಮಾಡಿ ಕಲಿಕಾ ನ್ಯೂನತೆಯನ್ನೂ ಸೇರಿಸ್ತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡೋಕೆ ಸ್ಕ್ರೈಬ್, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವನ್ನ ಆ ಕಾಯ್ದೆಯ 17ನೇ ಸೆಕ್ಷನ್ ಹೆಸರು ಹಿಡಿದೇ ಹೇಳುತ್ತೆ. ಉನ್ನತ ಶಿಕ್ಷಣದಲ್ಲಿ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ 5 ಪರ್ಸೆಂಟ್ ಸೀಟು, ಅದಕ್ಕೆ ಮಾತ್ರ 40 ಪರ್ಸೆಂಟ್ ನ್ಯೂನತೆ ಅಂತ ಪ್ರಮಾಣಪತ್ರ ಬೇಕು. ಸ್ಕ್ರೈಬ್‌ಗೆ ಆ 40ರ ಗೆರೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಕೇಸಲ್ಲಿ ಹೇಳಿದೆ. ಕೇಂದ್ರದ 2018ರ ಪರೀಕ್ಷಾ ಮಾರ್ಗಸೂಚಿಯ ಪ್ರಕಾರ ಹೆಚ್ಚಿನ ಸಮಯ ಗಂಟೆಗೆ ಕನಿಷ್ಠ 20 ನಿಮಿಷ. ಮೂರು ಗಂಟೆಯ ಪೇಪರ್‌ಗೆ ಒಂದು ಗಂಟೆ. ತಮ್ಮನ ಥರದವನಿಗೆ ಆ ಒಂದು ಗಂಟೆ ಅಂದ್ರೆ ಪ್ರಶ್ನೆಪತ್ರಿಕೆಯನ್ನ ಪೂರ್ತಿ ಓದೋ ಸಮಯ, ಅಷ್ಟೇ.

ಪ್ರಮಾಣಪತ್ರ 8, 14 ಮತ್ತು 18 ವರ್ಷಕ್ಕೆ, 18ರದ್ದು ಜೀವನಪೂರ್ತಿ ಅಂತ 2018ರ ಮಾರ್ಗಸೂಚಿ. ಮೇಲೆ ಹೇಳಿದ್ದು ನೆನಪಿದೆಯಾ, ಬ್ಯಾಟರಿಯ ಎರಡನೇ ಹಂತ 12 ವರ್ಷಕ್ಕೆ ಮುಗಿಯುತ್ತೆ. 14ಕ್ಕೂ 18ಕ್ಕೂ ಅದೇ ಅಳತೆಗೋಲು! ಐದಡಿಯ ಟೇಪಲ್ಲಿ ಆರಡಿಯವನನ್ನ ಅಳೆದ ಹಾಗೆ. 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಪರಿಷ್ಕರಣೆ ಆಗಿದೆ, ಯಾರಾದ್ರೂ ಹೋಗೋದಾದ್ರೆ ಹೊಸದನ್ನೇ ಓದ್ಕೊಂಡು ಹೋಗಿ.

ನಮ್ಮ ಮನೆಯಲ್ಲಿ ರಿಪೋರ್ಟ್ ಬಂತೇ ಹೊರತು ಪ್ರಮಾಣಪತ್ರ ಮಾಡಿಸಲಿಲ್ಲ. ಚಿಕ್ಕಪ್ಪ ಕೇಳಿದ್ರು, ‘ಅದ್ರಲ್ಲಿ ವಿಕಲಚೇತನ ಅಂತ ಬರೀತಾರಾ?’ ಹೌದು ಅಂದೆ. ‘ಊರಲ್ಲಿ ಗೊತ್ತಾದ್ರೆ?’ ನನ್ನ ಹತ್ರ ಉತ್ತರ ಇರಲಿಲ್ಲ. ಸೆಕ್ಷನ್ ನಂಬರ್ ಎಲ್ಲ ಗೊತ್ತಿತ್ತು, ಇದಕ್ಕೆ ಮಾತ್ರ ಇರಲಿಲ್ಲ. ಕಾಗದ ಇಲ್ಲದೆ ಶಾಲೆ ಹೆಚ್ಚಿನ ಸಮಯ ಕೊಡಲ್ಲ. ಹಾಗಾಗಿ ಎರಡು ವರ್ಷದಿಂದ ತಮ್ಮ ಎಲ್ಲರ ಜೊತೆಗೇ, ಅಷ್ಟೇ ಸಮಯದಲ್ಲಿ ಬರೀತಿದಾನೆ.

ಕಾಗದ ಇಲ್ಲದೆ ಆಗೋ ಕೆಲಸ ಮಾತ್ರ ನಿಂತಿಲ್ಲ. ಇದಕ್ಕೆ ಮಾತ್ರೆ ಇಲ್ಲ, ಇರೋದು ಕಲಿಸೋ ದಾರಿ. ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ ವಿಶೇಷ ಮಕ್ಕಳಿಗೆ ಅಂತ ಬಿ.ಐ.ಇ.ಆರ್.ಟಿ. ಶಿಕ್ಷಕರು ಇರ್ತಾರೆ, ಸರ್ಕಾರಿ ಶಾಲೆಯವರು ಅವರನ್ನ ಕೇಳಬಹುದು. ನಾವು ಮೇಡಂ ಹೇಳಿಕೊಟ್ಟ ಹಾಗೆ ಮನೆಯಲ್ಲೇ ಮಾಡಿದ್ವಿ. ದಿನಕ್ಕೆ ಹದಿನೈದೇ ನಿಮಿಷ. ಪದವನ್ನ ಚಪ್ಪಾಳೆ ತಟ್ಟಿ ಅಕ್ಷರವಾಗಿ ಒಡೆಯೋದು, ಒತ್ತಕ್ಷರಗಳನ್ನ ಒಂದೊಂದೇ ಕಾರ್ಡಲ್ಲಿ ಬರೆದು ವಾರಕ್ಕೆ ಎರಡು ಮಾತ್ರ, ಓದಿದ್ದನ್ನೇ ಮತ್ತೆ ಮತ್ತೆ ಓದಿಸಿ ವೇಗ ಬರೆದಿಡೋದು. ಸೈನ್ಸ್ ಮತ್ತು ಸಮಾಜ ಪಾಠಗಳನ್ನ ನಾನು ಇಲ್ಲಿಂದ ಓದಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸ್ತೀನಿ. ತೋಟಕ್ಕೆ ಹೋಗುವಾಗ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾನೆ. ಹಿಂದಿನ ಯೂನಿಟ್ ಟೆಸ್ಟಲ್ಲಿ ಸೈನ್ಸ್‌ಗೆ 25ಕ್ಕೆ 17. ಓದೋ ವೇಗ ಇನ್ನೂ ನಿಧಾನವೇ. ‘ಸೂರ್ಯ’ವನ್ನ ಸರಿಯಾಗಿ ಓದ್ತಾನೆ, ‘ಕಾರ್ಯದರ್ಶಿ’ ಬಂದ್ರೆ ಒಂದು ಉಸಿರು ಎಳ್ಕೊಳ್ತಾನೆ.

ನಮ್ಮ ಕ್ಯಾಂಪಸ್‌ನಲ್ಲೂ ಇಂಥವರು ಇದ್ದೇ ಇರ್ತಾರೆ. ಡಿಸ್ಲೆಕ್ಸಿಯಾ ಹತ್ತನೇ ಕ್ಲಾಸಿಗೆ ಮಾಯ ಆಗೋದಲ್ಲ. ಲ್ಯಾಬ್‌ನಲ್ಲಿ ಸರ್ಕ್ಯೂಟ್ ಎಲ್ಲರಿಗಿಂತ ಮೊದಲು ಕಟ್ಟಿ, ಥಿಯರಿ ಪೇಪರ್‌ನಲ್ಲಿ ಕೊನೆಯ ಎರಡು ಪ್ರಶ್ನೆ ಯಾವಾಗಲೂ ಬಿಟ್ಟು ಬರೋರು. 18 ದಾಟಿದ ಮೇಲೂ ಪರೀಕ್ಷೆ ಮಾಡಿಸಬಹುದು. ನಿಮ್ಹಾನ್ಸ್ ಮತ್ತು ಆಯಿಷ್ ಎರಡೂ ಸರ್ಕಾರಿ ಸಂಸ್ಥೆಗಳು. ಹೋಗುವಾಗ ಹಳೇ ಮಾರ್ಕ್ಸ್ ಕಾರ್ಡ್, ಸಿಕ್ಕಿದ್ರೆ ಪ್ರೈಮರಿಯ ನೋಟ್‌ಬುಕ್ ತಗೊಂಡು ಹೋಗಿ. ತೊಂದರೆ ಚಿಕ್ಕಂದಿನಿಂದಲೇ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ತಮ್ಮನಿಗೆ ಬರೋ ವರ್ಷ 14 ತುಂಬುತ್ತೆ. ಆಮೇಲೆ ಎಸ್ಸೆಸ್ಸೆಲ್ಸಿ ದೂರ ಇಲ್ಲ. ಹೋದ ವಾರ ಚಿಕ್ಕಪ್ಪನೇ ಫೋನ್ ಮಾಡಿದ್ರು, ಸಾಮಾನ್ಯವಾಗಿ ಅವರು ಮಾಡಲ್ಲ. ಮಳೆ, ಅಡಿಕೆ ಕೊಳೆ, ಎಲ್ಲ ಮಾತಾಡಿ ಕೊನೆಗೆ ಕೇಳಿದ್ರು: ‘ನಿನ್ನ ಪರೀಕ್ಷೆ ಯಾವಾಗ ಮುಗೀತದೆ? ಆ ಸರ್ಟಿಫಿಕೇಟಿಗೆ ಯಾವ ಬಸ್ಸಿಗೆ ಹೋಗದು ಅಂತ ಹೇಳು. ಈ ಸಲ ನಾನೂ ಬರ್ತೆ.’